ಕಳಿಂಗಕ್ಕೆ ಹೇಳದ ಮಾತು

ಕಾಲೇಜಿನಲ್ಲಿ ನಮಗೆ ರೋಮಿನ ಸೀಸರನನ್ನು ಓದಿಸಿದರು. ಕ್ರಿ.ಪೂ. 49ರಲ್ಲಿ ಅವನು ಸೈನ್ಯ ಕಟ್ಟಿಕೊಂಡು ರೂಬಿಕಾನ್ ಎಂಬ ಹೊಳೆ ದಾಟಿದ, ಅದೇ ಅವನ ಬಾಳಿನ ತಿರುವು ಅಂತ ಬರೆಸಿದರು. ಅದಕ್ಕೂ ಮೊದಲು, ಕ್ರಿ.ಪೂ. 57ರಲ್ಲಿ, ಗಾಲ್ ನಾಡಿನ ಒಂದು ಕೋಟೆ ಗೆದ್ದು ಒಳಗಿದ್ದ 53,000 ಜನರನ್ನು ಮಾರಿದ ಲೆಕ್ಕವನ್ನು ಅವನೇ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಬರೆದು ಸುಮ್ಮನಾಗಿದ್ದಾನೆ. ಮಾರಿಹೋದವರ ಬಾಳಿನ ತಿರುವು ಯಾವುದು ಎಂಬುದು ಪಾಠದಲ್ಲಿ ಬರಲಿಲ್ಲ.

ಹೀಗೆ ಸುಮ್ಮನಾಗದ ಅರಸನೊಬ್ಬನ ಮಾತು ನಮ್ಮ ಜಿಲ್ಲೆಯಲ್ಲೇ ಇದೆ. ರಾಯಚೂರಿನಿಂದ ಮಾನ್ವಿ, ಸಿಂಧನೂರು ಹಾದು ಮಸ್ಕಿಗೆ ಹೋದರೆ ಗುಡ್ಡದ ಬಂಡೆಯ ಮೇಲೆ ಕಾಣುತ್ತದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅದನ್ನು ಕಂಡ. ಅದಕ್ಕೆ ಮೊದಲು ಸಿಕ್ಕ ಶಾಸನಗಳಲ್ಲಿ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕದ್ದು ಇಲ್ಲಿ. ನಮಗೆ ಹೆಸರಿಗಿಂತ ಮಾತು ಮುಖ್ಯ. ಧಮ್ಮದಲ್ಲಿ ನಡೆದರೆ ಸಣ್ಣವನಿಗೂ ಫಲ ಸಿಗುತ್ತದೆ, ದೊಡ್ಡವನಿಗೆ ಮಾತ್ರ ಅಂತ ತಿಳಿಯಬೇಡಿ ಎನ್ನುತ್ತದೆ ಆ ಬಂಡೆ. ಅಕ್ಷರದ ಹತ್ತಿರ ಸುಳಿಯಗೊಡದ ಜನರ ಮಕ್ಕಳಾದ ನಮಗೆ ಇದು ಸಣ್ಣ ಮಾತಲ್ಲ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾಗಲು ಅಶೋಕನ ನೆನಪಿನ ವಿಜಯದಶಮಿಯನ್ನೇ ಆರಿಸಿಕೊಂಡರು.

ಹಾಗಂತ ಪ್ರಶ್ನೆ ಬಿಡಲಾದೀತೆ? ಪಟ್ಟವೇರಿದ 8 ವರ್ಷಕ್ಕೆ ಅಶೋಕ ಕಳಿಂಗ ಗೆದ್ದ. ಒಂದು ಲಕ್ಷ ಜನರನ್ನು ಕೊಂದರು, ಒಂದೂವರೆ ಲಕ್ಷ ಜನರನ್ನು ಎಳೆದೊಯ್ದರು, ಅದರ ಎಷ್ಟೋ ಪಟ್ಟು ಜನ ಸತ್ತರು. ಇದು ವೈರಿಗಳ ಲೆಕ್ಕವಲ್ಲ, ಅವನದೇ 13ನೇ ಶಾಸನದ ಲೆಕ್ಕ. (ದೇವದುರ್ಗದ ನಮ್ಮ ಮಂದಿ ಬರ ಬಿದ್ದರೆ ಗಂಟು ಕಟ್ಟಿಕೊಂಡು ಗುಳೆ ಹೋಗುತ್ತಾರೆ, ಮಳೆಯಾದರೆ ತಿರುಗಿ ಬರುತ್ತಾರೆ. ಕಳಿಂಗದವರದು ಗುಳೆಯಲ್ಲ.) ಇದರಿಂದ ನನಗೆ ದುಃಖವಾಗಿದೆ ಅಂತ ಅಲ್ಲಿ ಅರಸನೇ ಹೇಳುತ್ತಾನೆ. ಗೆದ್ದ ಮೇಲೆ ಹೀಗೆ ಹೇಳಿದ ಅರಸರು ಎಷ್ಟು ಜನ?

ಆದರೆ ಯಾರಿಗೆ ಹೇಳಿದ? ಆ ಶಾಸನ ನಮ್ಮ ಪಕ್ಕದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಗುಜರಾತಿನ ಗಿರ್ನಾರಿನಲ್ಲಿದೆ. ಈಗ ಪಾಕಿಸ್ತಾನದಲ್ಲಿರುವ ಶಾಬಾಜಗಢಿಯಲ್ಲಿದೆ. ಕಳಿಂಗದ ಧೌಲಿಯಲ್ಲಿ ಇಲ್ಲ, ಜೌಗಡದಲ್ಲೂ ಇಲ್ಲ! ಅಲ್ಲಿ ಅದನ್ನು ಬಿಟ್ಟು ಬೇರೆ ಎರಡು ಶಾಸನ ಕೆತ್ತಿಸಿದ: ಎಲ್ಲ ಮನುಷ್ಯರೂ ನನ್ನ ಮಕ್ಕಳು, ಅಧಿಕಾರಿಗಳು ವಿನಾಕಾರಣ ಯಾರನ್ನೂ ಸೆರೆಗೆ ಹಾಕಬಾರದು ಅಂತ. ಒಳ್ಳೆಯ ಮಾತೇ. ಮಗನನ್ನು ಕಳಕೊಂಡ ಕಳಿಂಗದ ತಾಯಿಗೆ 'ನೀನೂ ನನ್ನ ಮಗಳೇ' ಅಂದ. 'ನಿನ್ನ ಮಗನನ್ನು ಕೊಲ್ಲಿಸಿದವನು ನಾನು' ಅನ್ನಲಿಲ್ಲ. ಗಾಯ ಕೆದಕಬಾರದು ಅಂತ ಬಿಟ್ಟಿರಬಹುದು ಎಂದು ವಾದಿಸಬಹುದು. ಗಾಯ ಯಾರದು? ಕೆದಕಬೇಕೋ ಬೇಡವೋ ಅಂತ ತೀರ್ಮಾನಿಸುವವರು ಯಾರು?

ನಮ್ಮ ಕಡೆ ಹೊಲದ ಜಗಳ ಪಂಚಾಯ್ತಿಗೆ ಬಂದರೆ ಮುದುಕಿಯರು ಕೇಳುತ್ತಾರೆ: "ತಪ್ಪಾತು ಅಂದಾನ, ಖರೆ. ಹೊಲ ಬಿಟ್ಟಾನೇನು?" ಅಶೋಕ ಕಳಿಂಗ ಬಿಡಲಿಲ್ಲ. ಎಳೆದೊಯ್ದವರನ್ನು ತಿರುಗಿ ಕಳಿಸಿದ ಸುದ್ದಿ ಇದುವರೆಗೆ ಸಿಕ್ಕ ಯಾವ ಶಾಸನದಲ್ಲೂ ಇಲ್ಲ. ದುಃಖ ತೋಡಿಕೊಂಡ ಅದೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆ ಬೇರೆ: ಪಶ್ಚಾತ್ತಾಪವಿದ್ದರೂ ದಂಡಿಸುವ ಶಕ್ತಿ ನನಗಿದೆ, ನೆನಪಿರಲಿ.

ಸೀಸರನಿಗಿಂತ ಅಶೋಕ ದೊಡ್ಡ ಮನುಷ್ಯ, ಅದರಲ್ಲಿ ನಮಗೆ ಅನುಮಾನವಿಲ್ಲ. ಮಕ್ಕಳನ್ನು ಮಸ್ಕಿಗೆ ಕರಕೊಂಡು ಹೋಗುವ ಮಾಸ್ತರರೇ, ಬಂಡೆಯ ಮೇಲಿನ ಸಣ್ಣವರ ಮಾತನ್ನು ಜೋರಾಗಿ ಓದಿ ಹೇಳಿ. ಆಮೇಲೆ ಅಲ್ಲೇ ಕುಂತು, ಧೌಲಿಯಲ್ಲಿ ಏನನ್ನು ಕೆತ್ತದೆ ಬಿಟ್ಟರು ಅಂತಲೂ ಹೇಳಿ. ಮಕ್ಕಳು ಯಾಕೆ ಅಂತ ಕೇಳಿದರೆ ಅರಸನ ಪರವಾಗಿ ನೀವು ಉತ್ತರ ಕೊಡಬೇಡಿ.