ಗೊಬ್ಬರವು ಯಾರದು?

ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಆಯನೂರು ಬಯಲುಸೀಮೆಯು ಮುಗಿದು ಮಲೆನಾಡು ಮೊದಲಾಗುವ ಎಡೆಯಲ್ಲಿದೆ. ದನಗಳ ಕಾಲಡಿಗೆ ಹಾಸಿದ ಸೊಪ್ಪು, ಸಗಣಿ, ಗಂಜಲಗಳು ತಿಪ್ಪೆಯಲ್ಲಿ ಕೊಳೆತು ಕಪ್ಪುಮಣ್ಣಿನಂತಾದುದನ್ನು ಮಳೆಗೆ ಮುಂಚೆ ಹೊಲಗದ್ದೆಗಳಿಗೆ ಸಾಗಿಸುವುದು ಈ ಸೀಮೆಯ ಹಳೆಯ ಪದ್ಧತಿ. ಭೂಮಿಯು ತನ್ನದಾದರೆ ಇದರಲ್ಲಿ ವಿಚಾರಿಸತಕ್ಕುದೇನೂ ಇಲ್ಲ. ಶುಂಠಿಯೇ ಮೊದಲಾದ ಬೆಳೆಗಳಿಗಾಗಿ ಪರರ ಭೂಮಿಯನ್ನು ಒಂದು ಬೆಳೆಯ ಮಟ್ಟಿಗೆ ಹಿಡಿದವನು ಅದಕ್ಕೆ ಒಳ್ಳೆಯ ಗೊಬ್ಬರವನ್ನು ಹಾಕಬೇಕೆ? ಇದು ಲೆಕ್ಕದ ಪ್ರಶ್ನೆಯಂತೆ ತೋರಿದರೂ ನಿಜವಾಗಿ ಧರ್ಮದ ಪ್ರಶ್ನೆ.

ಇದರ ಮೂಲವು ಗೊಬ್ಬರದ ಸ್ವಭಾವದಲ್ಲಿಯೇ ಇದೆ. ಕಳಿತ ಗೊಬ್ಬರದಲ್ಲಿಯ ಸಾರಜನಕದ ಬಹುಭಾಗವು ಸೇಂದ್ರಿಯ ಪದಾರ್ಥಗಳಲ್ಲಿ ಬಂಧಿತವಾಗಿರುವುದು. ಬೇರು ಅದನ್ನು ಹಾಗೆಯೇ ಹೀರಲಾರದು. ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿಕೊಂಡು, ತಮಗೆ ಮಿಕ್ಕುದನ್ನು ಅಮೋನಿಯದ ರೂಪದಲ್ಲಿ ಬಿಡುವುವು. ಗಾಳಿಯಾಡುವ ಮಣ್ಣಿನಲ್ಲಿ ಅದು ನೈಟ್ರೇಟಾಗುವುದು. ತೇವವನ್ನೂ ಶಾಖವನ್ನೂ ಅನುಸರಿಸಿ ಈ ಕಾರ್ಯವು ಮೆಲ್ಲಮೆಲ್ಲನೆ ನಡೆಯುತ್ತದೆ. ಆದುದರಿಂದ ಮೊದಲ ಬೆಳೆಗೆ ದೊರೆಯುವುದು ಒಂದು ಪಾಲು ಮಾತ್ರ; ಉಳಿದುದು ಮುಂದಿನ ವರ್ಷಗಳದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ 1852ರಿಂದ 1871ರ ವರೆಗೆ ಪ್ರತಿವರ್ಷವೂ ಕೊಟ್ಟಿಗೆ ಗೊಬ್ಬರವನ್ನು ಹಾಕಿ ಆಮೇಲೆ ನಿಲ್ಲಿಸಿದ ಬಾರ್ಲಿಯ ತಾಕೊಂದುಂಟು. ಎಂದೂ ಗೊಬ್ಬರವನ್ನು ಕಾಣದ ತಾಕಿಗಿಂತ ಅದರ ಮಣ್ಣು ನೂರು ವರ್ಷಗಳು ಕಳೆದ ಮೇಲೆಯೂ ಹೆಚ್ಚು ಸಾರವುಳ್ಳುದಾಗಿತ್ತು. ನಮ್ಮ ನಾಡಿನ ಬಿಸಿಲುಮಳೆಗಳಲ್ಲಿ ಈ ಸಾರವು ಇನ್ನೂ ಬೇಗನೆ ಕರಗುವುದು. ಆದರೂ ಒಂದೇ ಬೆಳೆಗೆ ಮುಗಿಯುವುದಿಲ್ಲ.

ಹೀಗೆ ಉಳಿದ ಸಾರವು ಯಾರದು? ಆಯನೂರಿನ ಹೆದ್ದಾರಿಯನ್ನೇ ಹಿಡಿದು ಮುಂದೆ ಹೋದರೆ ಸಿಕ್ಕುವ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಅನ್ಯಾಯವೇ ಅದಕ್ಕೆ ಕಾರಣ. ಕೊಳಗಕ್ಕೆ ಸಿಕ್ಕುವ ಭತ್ತದ ವಿಷಯದಲ್ಲಿಯೇ ಇಷ್ಟು ಅನ್ಯಾಯವು ನಡೆದಿದ್ದರೆ, ಮಣ್ಣಿನೊಳಗೆ ಅಡಗಿದ ಸಾರವನ್ನು ಅಳೆದುಕೊಡುವರಾರು? ಇಂಗ್ಲೆಂಡಿನ 1883ರ ಕಾನೂನು, ಭೂಮಿಯನ್ನು ಬಿಟ್ಟುಹೋಗುವ ಒಕ್ಕಲಿಗೆ ತೀರದೆ ಉಳಿದ ಗೊಬ್ಬರದ ಬೆಲೆಯನ್ನು ಕೊಡತಕ್ಕುದೆಂದು ವಿಧಿಸಿತು. ನಮ್ಮಲ್ಲಿ 1974ರ ಭೂಸುಧಾರಣೆಯು ಉಳುವವನನ್ನೇ ಒಡೆಯನನ್ನಾಗಿ ಮಾಡಲು ಹೊರಟಿತು. ಎರಡರ ಹಿಂದೆಯೂ ಇರುವ ತತ್ತ್ವವೊಂದೇ: ಒಬ್ಬನ ದುಡಿಮೆಯು ಮಣ್ಣಿನಲ್ಲಿ ಸೇರಿದ ಮಾತ್ರಕ್ಕೆ ಇನ್ನೊಬ್ಬನದಾಗಲಾರದು. ಅದಕ್ಕೆ ಪ್ರತಿಫಲವನ್ನು ಕೊಡದೆ ಒಕ್ಕಲನ್ನು ಎಬ್ಬಿಸುವ ಒಡೆಯನು ಕಣ್ಣಿಗೆ ಕಾಣದುದನ್ನು ಅಪಹರಿಸಿದಂತೆಯೇ ಸರಿ.

ಆದರೆ ನ್ಯಾಯವು ಅಲ್ಲಿಗೆ ಮುಗಿಯದು. “ನಾನು ಹಾಕಿದುದನ್ನು ಮತ್ತೊಬ್ಬನು ಉಣ್ಣುವನು” ಎಂದು ಕೈ ಹಿಂತೆಗೆಯುವವನು, ತಾನು ಬಂದ ವರ್ಷವೇ ಕೊಯ್ದ ಬೆಳೆಯು ಯಾರ ಗೊಬ್ಬರವನ್ನು ಉಂಡು ಬೆಳೆಯಿತೆಂಬುದನ್ನು ಯೋಚಿಸಲಿ. ಅದನ್ನು ಹಾಕಿದವನ ಹೆಸರೂ ಅವನಿಗೆ ತಿಳಿಯದು. ಅವನಿಗೆ ಹಿಂದಿರುಗಿಸುವ ಮಾರ್ಗವೂ ಇಲ್ಲ. ಆ ಸಾಲವನ್ನು ಮುಂದೆ ಬರುವವನಿಗೆ ತೀರಿಸುವುದೊಂದೇ ಉಳಿದಿರುವ ದಾರಿ. ಹೀಗೆ ನೋಡಿದರೆ ಗೊಬ್ಬರ ಹಾಕುವವನು ದಾನಿಯಲ್ಲ, ಸಾಲ ತೀರಿಸುವವನು. ಹಾಕದೆ ಹೋಗುವವನು ಜಾಣನಲ್ಲ, ಸಾಲವನ್ನು ಉಳಿಸಿ ಹೋದವನು.