ತಿದ್ದುವ ಕೈ

ಕನ್ನಡದಲ್ಲಿ ‘ತಿದ್ದು’ ಎಂಬ ಮಾತಿಗೆ ಎರಡು ಅರ್ಥವುಂಟು. ಮೇಷ್ಟರು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಕೈಯಾಡಿಸಿದರೆ ಅದು ಅಕ್ಷರ ತಿದ್ದುವುದು. ಮಗು ಬರೆದುದರಲ್ಲಿ ತಪ್ಪು ಕಂಡು ಮೇಷ್ಟರು ಸರಿಪಡಿಸಿದರೆ ಅದೂ ತಿದ್ದುವುದೇ. ಮಗು ಚಿತ್ರ ಬರೆಯುವಾಗ ಹಿರಿಯರ ಈ ತಿದ್ದುವ ಕೈಗೆ ಎಷ್ಟು ಅಧಿಕಾರವಿದೆ?

ಈ ಪ್ರಶ್ನೆ ನನಗೆ ಎದುರಾದದ್ದು ಬೆಂಗಳೂರಿನ ಒಂದು ಶಾಲೆಯಲ್ಲಿ, ಚಿತ್ರಕಲಾ ಶಿಕ್ಷಕಿಯೊಬ್ಬರಿಗೆ ಒಂದು ದಿನದ ಮಟ್ಟಿಗೆ ನೆರವಾಗಲು ಹೋದಾಗ. ಕಾಗದ ಹಂಚುವುದು, ನೀರು ತುಂಬುವುದು, ಬಣ್ಣದ ತಟ್ಟೆ ತೊಳೆಯುವುದು ನನ್ನ ಪಾಲಿನ ಕೆಲಸ. ಅವರು ವಿಧಿಸಿದ ಕಟ್ಟಳೆ ಒಂದೇ: ಮಕ್ಕಳ ಕಾಗದಕ್ಕೆ ನನ್ನ ಪೆನ್ಸಿಲು ತಾಗಕೂಡದು.

ಐದನೆಯ ತರಗತಿ, ವಿಷಯ ‘ನಮ್ಮ ಬೀದಿ’. ಅನೇಕರು ಬರೆದದ್ದು ನಾವೆಲ್ಲ ಬಲ್ಲ ಆ ಚಿತ್ರವನ್ನೇ: ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಗುಡಿಸಲು, ತೆಂಗಿನಮರ. ಅವರ ಬೀದಿಯಲ್ಲಿ ಬೆಟ್ಟವೂ ಇಲ್ಲ, ಹೊಳೆಯೂ ಇಲ್ಲ. ಅದನ್ನು ಅವರು ಕಂಡದ್ದು ಯಾರೋ ಹಿರಿಯರು ಬರೆದುಕೊಟ್ಟ ಕಾಗದದಲ್ಲಿ.

“ಸಾರ್, ನೀರಿನ ಟ್ಯಾಂಕರ್ ಬರೆದುಕೊಡಿ” ಎಂದಳು ಒಬ್ಬ ಹುಡುಗಿ. ಚಕ್ರ ಎಷ್ಟು, ಪೈಪು ಎಲ್ಲಿರುತ್ತದೆ, ಅದನ್ನು ಹಿಡಿಯುವವರು ಯಾರು ಎಂದು ಕೇಳುತ್ತ ಕುಳಿತೆ. ಉತ್ತರ ಹೇಳುತ್ತ ಹೇಳುತ್ತ ಅವಳೇ ಬರೆದಳು. ಮನೆಗಿಂತ ಟ್ಯಾಂಕರ್ ದೊಡ್ಡದಾಯಿತಲ್ಲ ಎಂದರೆ, “ಅದು ಬಂದ್ರೆ ಮನೆ ಕಾಣೋದೇ ಇಲ್ಲ ಸಾರ್” ಎಂದಳು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನೀರಿನ ಬವಣೆಯನ್ನು ಉಂಡವರು ಆ ಅಳತೆಯನ್ನು ತಪ್ಪೆನ್ನಲಾರರು.

ಮಕ್ಕಳು ತಮ್ಮ ಕಲ್ಪನೆಯಂತೆ ಬರೆಯಲಿ ಎಂದು ಫ್ರಾನ್ಸ್ ಚಿಜೆಕ್ ವಿಯೆನ್ನಾದಲ್ಲಿ ಮಕ್ಕಳ ಕಲಾ ತರಗತಿಯನ್ನು ತೆರೆದದ್ದು 1897ರಲ್ಲಿ. ನಮ್ಮ ಸಂಪ್ರದಾಯ ಬೇರೆಯಲ್ಲವೆ ಎಂದು ಯಾರಾದರೂ ಕೇಳಬಹುದು. ರಂಗೋಲಿಯಾಗಲಿ, ವೀಣೆಯಾಗಲಿ, ಮೈಸೂರು ಶೈಲಿಯ ಚಿತ್ರವಾಗಲಿ, ನಾವು ಕಲಿತದ್ದು ಹಿರಿಯರ ಕೈ ನೋಡಿ ಅನುಸರಿಸಿಯೇ. ಕೈ ಕಟ್ಟಿ ಕೂರುವುದನ್ನು ಬೋಧನೆಯೆನ್ನಲು ಸಾಧ್ಯವೆ?

ಆ ಶಿಕ್ಷಕಿ ಕೈ ಕಟ್ಟಿ ಕೂತಿರಲಿಲ್ಲ. ಹುಡುಗನೊಬ್ಬನ ಹಸಿರು ಕೆಸರುಬಣ್ಣವಾದಾಗ, ಕುಂಚವನ್ನು ಚೆನ್ನಾಗಿ ತೊಳೆದು ಹಳದಿಗೆ ತುಸುವೇ ನೀಲಿ ಬೆರೆಸುವುದನ್ನು ತೋರಿಸಿದರು; ತೋರಿಸಿದ್ದು ಮಾತ್ರ ತಮ್ಮದೇ ಒಂದು ಚೂರು ಕಾಗದದ ಮೇಲೆ. ಈ ವಿವೇಕವೇ ಮುಖ್ಯವೆಂದು ನನಗೆ ತೋರುತ್ತದೆ. ‘ಅ’ ಎಂಬ ಅಕ್ಷರ ಎಲ್ಲರದು. ನಾಳೆ ಇನ್ನೊಬ್ಬರು ಅದನ್ನು ಓದಬೇಕು. ಅಲ್ಲಿ ಕೈ ಹಿಡಿದು ತಿದ್ದಿಸುವುದು ನ್ಯಾಯ. ಬಣ್ಣ ಬೆರೆಸುವ ಬಗೆಯೂ, ವೀಣೆಯ ತಂತಿ ಮೀಟುವ ಬಗೆಯೂ ಹಾಗೆಯೇ. ಆದರೆ ಬಾಗಿಲಲ್ಲಿ ಬಿಂದಿಗೆ ಹಿಡಿದು ನಿಂತ ಹುಡುಗಿ ಕಂಡ ಟ್ಯಾಂಕರ್ ಅವಳೊಬ್ಬಳದೇ. ಅದನ್ನು ತಿದ್ದಿದರೆ ನೀನು ಕಂಡದ್ದೇ ಸುಳ್ಳು ಎಂದಂತಾಗುತ್ತದೆ.

ಹಿರಿಯರಿಗೆ ಇದು ಸುಲಭವಲ್ಲ. ಮಗು ಅಳಿಸಿ ಅಳಿಸಿ ಬರೆಯುತ್ತ ಕಣ್ಣು ತುಂಬಿಕೊಂಡಾಗ ಯಾರ ಕೈ ತಾನೆ ಮುಂದಕ್ಕೆ ಚಾಚುವುದಿಲ್ಲ! ರಾತ್ರಿ ಹತ್ತು ಗಂಟೆಗೆ ಮಕ್ಕಳ ಶಾಲೆಯ ಚಿತ್ರವನ್ನು ಮುಗಿಸಿಕೊಡುವ ತಂದೆತಾಯಿಗಳಲ್ಲಿರುವುದೂ ಪ್ರೀತಿಯೇ. ಮರುದಿನ ಆ ಹಾಳೆಗೆ ಒಳ್ಳೆಯ ಅಂಕ ದೊರೆತೀತು. ಜೊತೆಗೆ, ತನ್ನ ಕೈಯ ಗೆರೆ ತೋರಿಸಲು ಯೋಗ್ಯವಲ್ಲ ಎಂಬ ಪಾಠವನ್ನೂ ಮಗು ಸದ್ದಿಲ್ಲದೆ ಕಲಿತಿರುತ್ತದೆ. ಆ ಪಾಠವನ್ನು ಮರೆಸಲು ಮುಂದೆ ಎಷ್ಟು ಮೇಷ್ಟರು ಬೇಕಾದಾರೋ!