ಕಾಂಡ್ಲಾ ಗಿಡವೂ ನೆರೆಯವನ ದಡವೂ

ನಮ್ಮ ಗದ್ದೆಯ ಅಂಚಿನಲ್ಲಿ ತಾನಾಗಿ ಬೆಳೆದ ಗಿಡವನ್ನು ಕಡಿಯುವದಕ್ಕೆ ನಮಗೆ ಅಧಿಕಾರವುಂಟೋ ಎಂದು ಕೇಳಿದರೆ, ಉಂಟೆಂದೇ ಹೆಚ್ಚಿನವರು ಹೇಳುವರು. ಆದರೆ ಆ ಗಿಡದ ಬೇರು ನೆರೆಯವನ ಮಣ್ಣನ್ನೂ ಹಿಡಿದಿದ್ದರೆ ಏನು ಹೇಳೋಣ?

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆಯು ಸಮುದ್ರವನ್ನು ಸೇರುವ ಅಳಿವೆಯನ್ನು ನೋಡಿದವರಿಗೆ ಈ ಪ್ರಶ್ನೆಯು ವ್ಯರ್ಥವೆಂದು ತೋರದು. ಭರತ ಇಳಿತಗಳು ದಿನಕ್ಕೆ ಎರಡೆರಡು ಸಾರಿ ಹೋಗಿಬರುವ ಆ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ನಿಂತಿವೆ. ಒಂದು ಜಾತಿಯು ಕಾಂಡದಿಂದ ಕಮಾನಿನಂತೆ ಬೇರುಗಳನ್ನು ಇಳಿಬಿಡುವದು. ಇನ್ನೊಂದು ಉಸಿರಾಡುವದಕ್ಕಾಗಿ ಬೇರಿನ ಮೊಳೆಗಳನ್ನು ಕೆಸರಿನಿಂದ ಮೇಲಕ್ಕೆತ್ತುವದು. ಇವುಗಳ ನಡುವೆ ನುಗ್ಗಿದ ತೆರೆಯು ಬಲಗುಂದಿ, ತಾನು ಹೊತ್ತು ತಂದ ಮಣ್ಣನ್ನು ಅಲ್ಲಿಯೇ ಇಟ್ಟು ಹೋಗುವದು. ಕಲ್ಲಿನ ಗೋಡೆಯ ಕೆಲಸವು ಹಾಗಲ್ಲ. ಅದಕ್ಕೆ ಬಡಿದ ತೆರೆಯು ತಿರುಗಿ, ಗೋಡೆಯ ಬುಡವನ್ನೂ, ಗೋಡೆಯು ಮುಗಿದ ಕಡೆಯಲ್ಲಿ ಮಗ್ಗುಲಿನವನ ದಡವನ್ನೂ ಕೊರೆಯುವದುಂಟು.

ಪೂರ್ವದಲ್ಲಿ ಗಜನಿ ಗದ್ದೆಯ ರೈತರು ಉಪ್ಪುನೀರನ್ನು ತಾಳುವ ಕಗ್ಗವೆಂಬ ಭತ್ತವನ್ನು ಬಿತ್ತಿ, ಮಣ್ಣಿನ ಕಟ್ಟೆಗಳನ್ನು ಕೂಡಿ ಕಟ್ಟಿಕೊಳ್ಳುತ್ತಿದ್ದರು. 1960 ಮತ್ತು 1970ರ ದಶಕಗಳಲ್ಲಿ ಸರಕಾರವು ಶಾಶ್ವತವಾದ ಕಟ್ಟೆಗಳನ್ನು ಕಟ್ಟಿಸಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಭರತದ ನೀರು ಮೊದಲಿನಂತೆ ಬಾರದೆ ಹೋದ ಕಡೆಯಲ್ಲಿ ಕಾಂಡ್ಲವು ಕ್ಷೀಣಿಸಿತು. ತರುವಾಯ ಅನೇಕ ಗಜನಿಗಳು ಸಿಗಡಿ ಸಾಕುವ ಕೊಳಗಳಾದವು. ಸೌದೆಯಿಲ್ಲದ ಬಡವಳು ಒಂದು ಹೊರೆ ಕಡಿದರೆ ಆಕೆಯನ್ನು ಗದರಿಸುವದಕ್ಕೆ ಹತ್ತು ಜನ ಏಳುತ್ತಾರೆ; ಕೊಳ ತೋಡಿಸಿದವನನ್ನು ಕೇಳುವದಕ್ಕೆ ಅಷ್ಟು ಜನ ಏಳುವದನ್ನು ನಾವು ಕಾಣೆವು.

ಹಾಗಾದರೆ ಎಲ್ಲೆಲ್ಲಿಯೂ ಕಾಂಡ್ಲವನ್ನು ನೆಟ್ಟುಬಿಡುವದು ಸತ್ಕಾರ್ಯವೋ? ಇಲ್ಲಿ ನಮಗೆ ಸಂಕೋಚವುಂಟು. ನೆಡುವದೇನೂ ಕಷ್ಟವಲ್ಲ. ಕಮಾನು ಬೇರಿನ ಕಾಂಡ್ಲದ ಬೀಜವು ತಾಯಿಗಿಡದಲ್ಲಿರುವಾಗಲೇ ಮೊಳೆತು, ಉದ್ದವಾದ ಕೋಲಿನಂತೆ ತೂಗಾಡುವದು; ಅದನ್ನು ಕೆಸರಿಗೆ ಊರಬಹುದು. ಅರಣ್ಯ ಇಲಾಖೆಯವರು ಹೀಗೆ ಬಹಳ ನೆಟ್ಟಿದ್ದಾರೆ. ಆದರೆ ಇಳಿತದಲ್ಲಿ ಬರಿದಾಗಿ ತೋರುವ ಕೆಸರುದಿಣ್ಣೆಯು ಬಂಜರಲ್ಲ. ದೂರದಿಂದ ಬಂದ ಹಕ್ಕಿಗಳು ಅಲ್ಲಿ ಮೇಯುತ್ತವೆ. ಹೆಂಗಸರು ಬಗ್ಗಿ ಬಗ್ಗಿ ಬೆಳಚು ಹೆಕ್ಕಿ ಮನೆ ನಡಿಸುತ್ತಾರೆ. ಅಂಥ ದಿಣ್ಣೆಯನ್ನು ಗಿಡದಿಂದ ಮುಚ್ಚಿದರೆ, ಒಬ್ಬನ ದಡವನ್ನು ಕಾಯುವ ಹೆಸರಿನಲ್ಲಿ ಇನ್ನೊಬ್ಬಳ ಅನ್ನವನ್ನು ಕಿತ್ತುಕೊಂಡ ಹಾಗಾಗುವದಿಲ್ಲವೇ? ಪರೋಪಕಾರವೂ ಕೆಲವು ಸಾರಿ ನೋಡದೆ ಕಾಲಿಡುತ್ತದೆ.

2024ರಲ್ಲಿ ಈ ಅಳಿವೆಯ 4801 ಹೆಕ್ಟೇರು ಪ್ರದೇಶವು ರಾಮ್ಸಾರ್ ಒಡಂಬಡಿಕೆಯ ಪಟ್ಟಿಯಲ್ಲಿ ಸೇರಿತು. ಇದು ಸಂತೋಷದ ಸಂಗತಿ. ಆದರೂ ಸಸಿ ಹಿಡಿದು ಹೊಳೆಗೆ ಇಳಿಯುವ ಮುಂಚೆ ಬೆಳಚು ಹೆಕ್ಕುವವರನ್ನೂ ಗಜನಿಯ ಹಳೆಯ ರೈತರನ್ನೂ ಕರೆದು ಕೇಳಬೇಕೆಂದು ನಮಗೆ ತೋರುತ್ತದೆ. ಕಾಂಡ್ಲವು ಹಿಂದೆ ಎಲ್ಲಿತ್ತು, ಯಾವ ಕಟ್ಟೆಯ ಬಾಗಿಲನ್ನು ತೆರೆದರೆ ನೀರು ಮೊದಲಿನಂತೆ ಆಡುವದು ಎಂಬದನ್ನು ಅವರು ಬಲ್ಲರು. ನೀರು ಆಡುವ ಕಡೆಯಲ್ಲಿ ಬೀಜವು ತೇಲಿ ಬಂದು ತಾನೇ ಬೇರೂರುವದುಂಟು. ಅಲ್ಲಿ ನಮ್ಮ ಕೈಗೆ ನೆಡುವ ಕೆಲಸವೇ ಉಳಿಯದು.